ಸಾಫ್ಟ್‌ವೇರ್ ಮಾಡಿಸುವ ಮುಂಚೆ ಹೋದ ಫೆಬ್ರವರಿಯ ತೂಕದ ಪುಸ್ತಕ ತೆಗೆಯಿರಿ

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಬೆಳೆಗಾರರು ಸೇರಿ ಮಾಡಿಕೊಂಡ ಉತ್ಪಾದಕರ ಕಂಪನಿ. 180 ಸದಸ್ಯರಿದ್ದಾರೆ. ಅವರಿಂದ ಕಾಫಿ, ಕರಿಮೆಣಸು ತೆಗೆದುಕೊಂಡು ಒಟ್ಟಿಗೆ ಮಾರುತ್ತೇವೆ. ಲೆಕ್ಕ ನೋಡಿಕೊಳ್ಳುವವಳು ನಾನು. ಈಗ ಎಲ್ಲವೂ ಪುಸ್ತಕದಲ್ಲಿ ಮತ್ತು ಒಂದು ಎಕ್ಸೆಲ್ ಫೈಲಿನಲ್ಲಿದೆ. ಈ ವರ್ಷ ಸಾಫ್ಟ್‌ವೇರ್ ಮಾಡಿಸೋಣ ಎಂದು ನಿರ್ದೇಶಕರು ತೀರ್ಮಾನಿಸಿ, 34 ಅಂಶಗಳ ಪಟ್ಟಿ ಕೊಟ್ಟಿದ್ದಾರೆ. ಅದನ್ನು ನೋಡಿ ಹೊರಗಿನ ಒಂದು ಸಂಸ್ಥೆ ನಾಲ್ಕೂವರೆ ಲಕ್ಷ ಮತ್ತು ಜಿಎಸ್‌ಟಿ ಎಂದಿದೆ. ಅದಕ್ಕೂ ಮೊದಲು 'ಡಿಸ್ಕವರಿ' (ನಮ್ಮ ಕೆಲಸ ಹೇಗೆ ನಡೆಯುತ್ತದೆ, ಏನು ಬೇಕು ಎಂದು ಹುಡುಕಿ ಬರೆಯುವುದು) ಅಂತ ಮೂರು ವಾರದ ಕೆಲಸಕ್ಕೆ ಬೇರೆ 60,000 ಕೇಳುತ್ತಿದೆ. ಪಟ್ಟಿ ಕೊಟ್ಟ ಮೇಲೂ ಹುಡುಕುವುದು ಏನಿದೆ ಎಂದು ನಿರ್ದೇಶಕರ ಪ್ರಶ್ನೆ. ಇಂಜಿನಿಯರಿಂಗ್ ಓದಿದ ನನ್ನ ಅಣ್ಣನ ಮಗ, 'ಈಗೆಲ್ಲ ಅಜೈಲ್ ಅತ್ತೆ, ಸ್ವಲ್ಪ ಸ್ವಲ್ಪ ಕಟ್ಟುತ್ತಾ ತಿದ್ದಿಕೊಳ್ಳೋದು, ಪ್ಲಾನಿಂಗ್ ಎಲ್ಲ ಹಳೇ ಕಾಲದ್ದು, ಒಂದು ತಿಂಗಳಲ್ಲಿ ನಾನೇ ಮಾಡಿಕೊಡ್ತೇನೆ' ಎನ್ನುತ್ತಾನೆ. ಆ ದುಡ್ಡು ಕೊಡಬೇಕಾ? ನಮ್ಮ ಕಡೆಯಿಂದ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಕೊಡಿ. ಆದರೆ ಎರಡು ಷರತ್ತು ಹಾಕಿ ಕೊಡಿ. ಈ 60,000ದ ಕೆಲಸಕ್ಕೆ ಬೇರೆಯೇ ಒಪ್ಪಂದ ಆಗಲಿ; ಅದು ಮುಗಿಯುವವರೆಗೆ ನಾಲ್ಕೂವರೆ ಲಕ್ಷದ ಕಾಗದಕ್ಕೆ ಸಹಿ ಬೇಡ. ಮತ್ತೆ, ಮೂರು ವಾರದ ಕೊನೆಗೆ ಅವರು ಬರೆದುಕೊಡುವುದೆಲ್ಲ ನಿಮ್ಮ ಸ್ವತ್ತಾಗಿರಬೇಕು. ಅದನ್ನು ಹಿಡಿದುಕೊಂಡು ನೀವು ಇನ್ನೊಬ್ಬರ ಹತ್ತಿರ ಹೋಗಿ 'ಇದಕ್ಕೆ ನೀವೆಷ್ಟು ಹೇಳ್ತೀರಿ' ಎಂದು ಕೇಳುವಂತಿರಬೇಕು. ಇದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡಿ.

ಒಂದು ಮಾತು ಮಾತ್ರ ನನಗೆ ವಿಚಿತ್ರ ಅನಿಸಿತು. ಇನ್ನೂ ಹುಡುಕಬೇಕು ಎನ್ನುವವರು ನಾಲ್ಕೂವರೆ ಲಕ್ಷ ಎಂದು ರೇಟು ಹೇಳಿದ್ದು ಹೇಗೆ? ಸಾಫ್ಟ್‌ವೇರ್ ಖರ್ಚಿನ ಲೆಕ್ಕಾಚಾರದಲ್ಲಿ ದೊಡ್ಡ ಹೆಸರು ಬ್ಯಾರಿ ಬೋಹಮ್ ಅವರದು. ಬರೀ ಕಲ್ಪನೆ ಇರುವ ಹಂತದಲ್ಲಿ ಹಾಕಿದ ಅಂದಾಜು ನಾಲ್ಕು ಪಟ್ಟು ಮೇಲೂ ಹೋಗಬಹುದು, ಕಾಲು ಭಾಗಕ್ಕೂ ಇಳಿಯಬಹುದು ಎಂದು ಅವರು 1981ರಲ್ಲೇ ತೋರಿಸಿದ್ದರು. ಹಾಗಾಗಿ ಆ ಅಂಕಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೂವು ಬಿಡುವ ಮೊದಲೇ ಫಸಲಿನ ಲೆಕ್ಕ ಹೇಳಿದ ಹಾಗೆ ಅದು.

ಪಟ್ಟಿ ಇದ್ದೂ ಹುಡುಕುವುದು ಏನಿದೆ ಎಂಬ ಪ್ರಶ್ನೆಗೆ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಸುಮಾರು ವರ್ಷಗಳ ಹಿಂದಿನ ಮಾತು. ದಕ್ಷಿಣ ಕೊಡಗಿನ ಒಂದು ತೋಟಕ್ಕೆ ಹಾಜರಿ ಮತ್ತು ಕೊಯ್ಲಿನ ತೂಕ ಬರೆಯುವ ಆ್ಯಪ್ ಮಾಡಿಸಿಕೊಟ್ಟಿದ್ದೆ. ತೋಟದ ಮಾಲೀಕರ ಜೊತೆ ಮೂರು ಸಲ ಕೂತಿದ್ದೆ. ಅವರ ಮನೆಯ ಜಗಲಿಯಲ್ಲಿ, ಒಳ್ಳೇ ಕಾಫಿ ಕುಡಿಯುತ್ತಾ. ಅವರ ಪಟ್ಟಿ ಅಚ್ಚುಕಟ್ಟಾಗಿತ್ತು. ನಾನೂ ಅಷ್ಟೇ ಅಚ್ಚುಕಟ್ಟಾಗಿ ಎಲ್ಲ ಮಾಡಿಸಿದೆ. ತೋಟದ ರೈಟರನ್ನು, ಅಂದರೆ ಹಾಜರಿ, ತೂಕ ಬರೆದುಕೊಳ್ಳುವ ಗುಮಾಸ್ತರನ್ನು, ಮಾತ್ರ ಒಂದು ಸಲವೂ ಮಾತಾಡಿಸಿರಲಿಲ್ಲ.

ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾಯಿತು. ಸಂಜೆ ಐದು ಗಂಟೆ, ಕಣದ ಪಕ್ಕದಲ್ಲಿ ತೂಕ. ಸಾಲಾಗಿ ಜನ, ಮುಂದೆ ಹಣ್ಣು ತುಂಬಿದ ಗೋಣಿಗಳು. ರೈಟರ್ ಕೈಯಲ್ಲಿ ನನ್ನ ಆ್ಯಪ್ ಇರುವ ಫೋನು. ಮೊದಲ ಗೋಣಿಯನ್ನು ಗಂಡ ಹೆಂಡತಿ ಇಬ್ಬರೂ ಹಿಡಿದು ತಂದಿಟ್ಟರು. ಅರವತ್ತನಾಲ್ಕು ಕೆಜಿ. ಆ್ಯಪ್ 'ಕಾರ್ಮಿಕರ ಹೆಸರು' ಎಂದು ಕೇಳಿತು. ಒಂದೇ ಹೆಸರು ಹಾಕಲು ಜಾಗ. "ಸಾರ್, ಇದು ಇಬ್ಬರದು. ಯಾರಿಗೆ ಹಾಕ್ಲಿ?" ಎಂದರು ರೈಟರ್. ಅರ್ಧರ್ಧ ಮಾಡಿ ಎಂದೆ. "ಮಧ್ಯಾಹ್ನದ ಮೇಲೆ ಇವಳ ತಂಗಿಯೂ ಇದೇ ಗೋಣಿಗೆ ಕೊಯ್ದಿದ್ದಾಳೆ ಸಾರ್." ನಾನು ಸುಮ್ಮನಾದೆ. ಹಿಂದಿನವರು ಗೊಣಗಲು ಶುರು ಮಾಡಿದರು. ಮೂರನೇ ಗೋಣಿಯ ಹೊತ್ತಿಗೆ ಫೋನು ರೈಟರ ಜೇಬು ಸೇರಿತ್ತು, ಕಿವಿ ಮೇಲಿದ್ದ ಪೆನ್ಸಿಲ್ ಕೈಗೆ ಬಂದಿತ್ತು. ಅವರು ಪುಸ್ತಕದಲ್ಲಿ ಮೂರು ಹೆಸರು ಬರೆದು, ಪಕ್ಕದಲ್ಲಿ ಒಂದು ಬಳುಕು ಗೆರೆ ಎಳೆದು ಮೂರನ್ನೂ ಕೂಡಿಸಿ, 64 ಎಂದು ಹಾಕಿದರು. ಎರಡು ಸೆಕೆಂಡಿನ ಕೆಲಸ. ಆ ಬಳುಕು ಗೆರೆ ಅವರ ಹಳೇ ಪುಸ್ತಕದ ಪುಟಪುಟದಲ್ಲೂ ಇತ್ತು. ನಾನು ಪುಸ್ತಕ ಬಿಚ್ಚಿಯೇ ನೋಡಿರಲಿಲ್ಲ.

ನಿಮ್ಮ ಡಿಸ್ಕವರಿಯಲ್ಲಿ ಹುಡುಕಬೇಕಾದದ್ದು ಇಂಥ ಗೆರೆಗಳನ್ನು. ನಿರ್ದೇಶಕರು ಮೀಟಿಂಗಿನಲ್ಲಿ ಕೂತು ಬರೆದ ಪಟ್ಟಿಯಲ್ಲಿ ಅವು ಬರುವುದಿಲ್ಲ. ದಿನಾ ಮಾಡುವ ಕೆಲಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಅವರಿಗೆ ಹೇಳುವಂಥ ವಿಷಯವೇ ಅಲ್ಲ. ಬರೆದಿಟ್ಟದ್ದು ಸಿಗುವುದು ಪುಸ್ತಕದ ಅಂಚಿನಲ್ಲಿ. ಹೋದ ಫೆಬ್ರವರಿಯ ತೂಕದ ಪುಸ್ತಕ ತೆಗೆಯಿರಿ. ಕಾಲಮ್ಮಿನೊಳಗೆ ಇರುವುದನ್ನು ಬಿಟ್ಟು, ಕಾಲಮ್ಮಿನ ಹೊರಗೆ ಕೆಂಪು ಇಂಕಿನಲ್ಲೋ ಪೆನ್ಸಿಲಿನಲ್ಲೋ ಬರೆದದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ. 'ತೇವ ಇದೆ, ನಾಳೆ ಮತ್ತೆ ತೂಕ', 'ಎರಡು ಚೀಲ ತಮ್ಮನ ಲೆಕ್ಕಕ್ಕೆ', 'ಖಾಲಿ ಗೋಣಿ 10 ವಾಪಸ್ ಬಂದಿಲ್ಲ', 'ಫೋನಿನಲ್ಲಿ ಒಪ್ಪಿದ್ದಾರೆ' ಎಂಬಂಥವು. ಈ ಕೆಲಸಕ್ಕೆ ಯಾವ ಸಂಸ್ಥೆಯೂ ಬೇಡ. ಎರಡು ಮಧ್ಯಾಹ್ನ ಸಾಕು. ಅಂಥ ಟಿಪ್ಪಣಿಗಳು ನೂರು ಇದ್ದರೆ, ಗುಂಪು ಮಾಡಿದಾಗ ಹತ್ತೋ ಹದಿನೈದೋ ಬಗೆ ಆಗುತ್ತವೆ. ನಿಮ್ಮ 34 ಅಂಶಗಳ ಪಟ್ಟಿಗಿಂತ ಆ ಹದಿನೈದು ಬಗೆಯೇ ಸಂಸ್ಥೆಯವರಿಗೆ ಹೆಚ್ಚು ಉಪಯೋಗ.

ಹಾಗೆಂದು ನಿಮ್ಮ ಪಟ್ಟಿ ವ್ಯರ್ಥ ಎನ್ನುತ್ತಿಲ್ಲ. ಪ್ರತಿ ಅಂಶದ ಹಿಂದೆ ಒಂದು ನೋವು ಇರುತ್ತದೆ, ಅದನ್ನು ಕೆದಕಬೇಕು ಅಷ್ಟೆ. ನಾವು ಫೋನಿನಲ್ಲಿ ಮಾತಾಡಿದ್ದು ನೆನಪಿದೆಯಲ್ವಾ? ಏಳನೇ ಅಂಶ: 'ಪ್ರತಿದಿನದ ದರ ಎಲ್ಲ ಸದಸ್ಯರಿಗೂ ವಾಟ್ಸಾಪ್‌ನಲ್ಲಿ ತಾನಾಗಿ ಹೋಗಬೇಕು.' ಯಾಕೆ ಎಂದು ಕೇಳಿದೆ. ಸೀಸನ್ನಿನಲ್ಲಿ ದಿನಕ್ಕೆ ನಲವತ್ತು ಫೋನ್ ಬರ್ತವೆ ಎಂದಿರಿ. ದರ ಕೇಳೋಕಾ ಎಂದೆ. ಸ್ವಲ್ಪ ಯೋಚಿಸಿ, "ದರ ಅವರಿಗೆ ಹೇಗೂ ಗೊತ್ತಿರ್ತದೆ. ತಮ್ಮ ಮಾಲಿಗೆ ಯಾವ ದಿನದ ದರ ಹಾಕಿದ್ದೀರಿ ಅಂತ ಕೇಳ್ತಾರೆ" ಎಂದಿರಿ. ಹಾಗಾದರೆ ಮಾಲು ತಂದ ದಿನದ ದರವೋ, ಸ್ಯಾಂಪಲ್ ನೋಡಿದ ದಿನದ್ದೋ, ನೀವು ಮಾರಿದ ದಿನದ್ದೋ ಎಂದು ಕೇಳಿದೆ. "ಅದು ಒಬ್ಬೊಬ್ಬರಿಗೆ ಒಂದೊಂದು ಥರ ಆಗಿಬಿಟ್ಟಿದೆ" ಎಂದಿರಿ. ಈಗ ನೋಡಿ, ಬೇಕಾಗಿರುವುದು ವಾಟ್ಸಾಪ್ ಸಂದೇಶವಾ? ಯಾವ ದಿನದ ದರ ಎಂಬ ಒಂದು ನಿಯಮ ಬೇಕು, ಮತ್ತು ಸದಸ್ಯರ ಕೈಗೆ ಕೊಡುವ ಚೀಟಿಯಲ್ಲಿ ಅದು ಒಂದು ಸಾಲಾಗಿ ಅಚ್ಚಾಗಬೇಕು. ನಿಯಮ ಮಾಡುವುದು ಬೋರ್ಡಿನ ಕೆಲಸ. ಯಾವ ಸಾಫ್ಟ್‌ವೇರೂ ಅದನ್ನು ಮಾಡಿಕೊಡಲಾರದು. ಮತ್ತೆ ಮತ್ತೆ 'ಯಾಕೆ' ಎಂದು ಕೇಳುತ್ತಾ ಬೇರಿಗೆ ಇಳಿಯುವ ಈ ಕ್ರಮವನ್ನು ಜಪಾನಿನ ಟೊಯೊಟಾ ಕಾರ್ಖಾನೆಯವರು ಹೆಸರುವಾಸಿ ಮಾಡಿದರು. ಅವರು ಐದು ಸಲ ಕೇಳಿ ಎನ್ನುತ್ತಾರೆ. ನಮಗೆ ಮೂರು ಸಲಕ್ಕೇ ಸಿಕ್ಕಿತು.

ಕೇಳುವ ರೀತಿಯಲ್ಲೂ ಒಂದು ಹದ ಇದೆ. 'ನಿಮಗೆ ಏನು ಬೇಕು' ಎಂದು ಕೇಳಿದರೆ ಜನ ಡ್ರೋನ್ ನಕ್ಷೆ, ದರದ ಮುನ್ಸೂಚನೆ ಎಂದೆಲ್ಲ ಹೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಎರಡೂ ಇವೆ. ಅದರ ಬದಲು ಆಗಿಹೋದದ್ದನ್ನು ಕೇಳಬೇಕು. ಹೋದ ಸೀಸನ್ನಿನಲ್ಲಿ ಯಾವ ದಿನ ಜಗಳ ಆಯಿತು? ರಾತ್ರಿ ಹತ್ತರವರೆಗೆ ಕೂತು ಲೆಕ್ಕ ತಾಳೆ ಮಾಡಿದ್ದು ಯಾವ ವಾರ? ಮಾಲು ಕೊಡುವುದು ನಿಲ್ಲಿಸಿ ಬೇರೆ ವ್ಯಾಪಾರಿಗೆ ಹೋದ ಸದಸ್ಯರು ಯಾಕೆ ಹೋದರು? ಈ ಕೊನೆಯವರನ್ನು ತಪ್ಪದೇ ಮಾತಾಡಿಸಿ. ಮುಜುಗರ ಆಗುತ್ತದೆ, ಆದರೂ ಮಾತಾಡಿಸಿ. ತೂಕ ಹಾಕುವ ಹುಡುಗ, ಗೋಡೌನ್ ನೋಡಿಕೊಳ್ಳುವವರು, ನಿಮ್ಮ ಆಡಿಟರ್, ನಿಮ್ಮಿಂದ ಮಾಲು ಕೊಳ್ಳುವ ಕ್ಯೂರಿಂಗ್ ವರ್ಕ್ಸ್‌ನವರು (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವವರು), ಸ್ಮಾರ್ಟ್‌ಫೋನ್ ಇಲ್ಲದ ಒಬ್ಬ ಹಿರಿಯ ಸದಸ್ಯರು, ಇಷ್ಟು ಜನರ ಮಾತು ಬರವಣಿಗೆಗೆ ಬರಬೇಕು. ಅಧ್ಯಕ್ಷರ ಮಾತು ಬೇಡವೆಂದಲ್ಲ. ಅದು ಹೇಗೂ ಬಂದೇ ಬರುತ್ತದೆ.

ಇನ್ನು ಮಾತುಗಳ ವಿಷಯ. ಕಾಫಿಯಲ್ಲಿ ಇದೊಂದು ದೊಡ್ಡ ಗುಂಡಿ. ನೀವು 'ಚೆರಿ' ಎಂದರೆ ಒಣಗಿಸಿದ ಕಾಫಿ. ಹೊರಗಿನಿಂದ ಬಂದ ಹುಡುಗ ಅದನ್ನು ಗಿಡದಲ್ಲಿರುವ ಕೆಂಪು ಹಣ್ಣು ಎಂದುಕೊಳ್ಳುತ್ತಾನೆ, ಅವನ ತಪ್ಪೂ ಅಲ್ಲ. 'ರೈಟರ್' ಎಂದರೆ ಅವನಿಗೆ ಕಥೆ ಬರೆಯುವವರು. ಇವು ನಗು ಬರಿಸುವಂಥವು, ಬೇಗ ಸರಿಹೋಗುತ್ತವೆ. ನಿಜವಾದ ಅಪಾಯ 'ಚೀಲ'ದಲ್ಲಿದೆ. ದರ ಹೇಳುವಾಗ ಒಂದು ಚೀಲ ಎಂದರೆ 50 ಕೆಜಿ, ಅದು ಲೆಕ್ಕದ ಚೀಲ. ಗೋಡೌನಿನಲ್ಲಿ ಎಣಿಸುವಾಗ ಚೀಲ ಎಂದರೆ ಎದುರಿಗಿರುವ ಗೋಣಿ. ಅದರಲ್ಲಿ 48 ಇರಬಹುದು, 53 ಇರಬಹುದು. ನಿಮ್ಮ ಎಕ್ಸೆಲ್ಲಿನ ಮಾದರಿ ಹಾಳೆ ನೋಡಿದೆ. ಒಂದೇ ಕಾಲಮ್ಮಿನಲ್ಲಿ ಎರಡು ಅರ್ಥದ ಚೀಲವೂ ಕೂತಿದೆ. ನಿಮಗೆ ಯಾವುದು ಯಾವುದು ಎಂದು ಗೊತ್ತಿರುವುದರಿಂದ ನಡೆದುಕೊಂಡು ಹೋಗುತ್ತಿದೆ. ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. 1999ರಲ್ಲಿ ಅಮೆರಿಕದ ನಾಸಾ ಮಂಗಳ ಗ್ರಹಕ್ಕೆ ಕಳಿಸಿದ್ದ ಒಂದು ನೌಕೆ ಹೀಗೇ ಹೋಯಿತು. ಒಂದು ತಂಡ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಎಂದುಕೊಂಡಿತು. ಅಷ್ಟು ಓದಿದವರೇ ಎಡವಿದ್ದಾರೆ. ಹಾಗಾಗಿ ಡಿಸ್ಕವರಿಯ ಬರವಣಿಗೆಯಲ್ಲಿ ಮೊದಲ ಎರಡು ಪುಟ ನಿಮ್ಮ ಪದಗಳ ಅರ್ಥಕ್ಕೇ ಮೀಸಲಿರಲಿ. ಚೀಲ, ಗೋಣಿ, ಚೆರಿ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಔಟ್‌ಟರ್ನ್ (50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೇಳೆ, ಅಂದರೆ ಒಳಗಿನ ಕಾಫಿ ಬೀಜ, ಸಿಗುತ್ತದೆ ಎಂಬ ಅಂಕಿ), ಮುಂಗಡ, ಸದಸ್ಯ.

'ಸದಸ್ಯ' ಎಂಬ ಪದಕ್ಕೆ ಅರ್ಥ ಯಾಕೆ ಬೇಕು ಎನ್ನುತ್ತೀರಾ? ಸಂಸ್ಥೆಯವರ ಕೊಟೇಶನ್ನಿನಲ್ಲಿ 'ಒಬ್ಬ ಸದಸ್ಯ, ಒಂದು ಪಹಣಿ, ಒಂದು ಬ್ಯಾಂಕ್ ಖಾತೆ' ಎಂಬ ಸಾಲಿದೆ. ಬಯಲುಸೀಮೆಯಲ್ಲೇ ಇದು ಪೂರ್ತಿ ನಡೆಯುವುದಿಲ್ಲ, ಕೊಡಗಿನಲ್ಲಂತೂ ಕೇಳಬೇಡಿ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಮುಖ್ಯಸ್ಥರ) ಹೆಸರು ಇರುತ್ತದೆ, ಜೊತೆಗೆ ಒಕ್ಕದ, ಅಂದರೆ ಆ ಮನೆತನದ, ಹಲವರ ಹೆಸರು. ಅವರಲ್ಲಿ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಬೆಂಗಳೂರಿನಲ್ಲಿರುತ್ತಾರೆ. ತೋಟ ಮಾಡುತ್ತಿರುವವರು ಇನ್ಯಾರೋ. ಮಾಲು ತರುವುದು ಅವರ ಮಗ, ದುಡ್ಡು ಹೋಗುವುದು ಹೆಂಡತಿಯ ಖಾತೆಗೆ. ಇದೆಲ್ಲ ನಿಮಗೆ ದಿನನಿತ್ಯದ ಮಾತು. ಆದರೆ ಸಾಫ್ಟ್‌ವೇರಿನ ಬುಡದಲ್ಲೇ 'ಒಂದಕ್ಕೆ ಒಂದು' ಎಂದು ಕಟ್ಟಿಬಿಟ್ಟರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಬಣ್ಣ, ಅಕ್ಷರ, ವರದಿಯ ನಮೂನೆ ಯಾವಾಗ ಬೇಕಾದರೂ ಬದಲಿಸಬಹುದು. ಯಾರಿಗೆ ಯಾರು ಏನಾಗಬೇಕು ಎಂಬುದು ತಳಪಾಯ. ಡಿಸ್ಕವರಿಯ ಹೆಚ್ಚಿನ ಸಮಯ ಇದಕ್ಕೆ ಹೋದರೆ ಅದು ದಂಡ ಎಂದುಕೊಳ್ಳಬೇಡಿ.

ನಿಯಮಗಳನ್ನು ಮಾತಿನಲ್ಲಿ ಬರೆಯುವುದರ ಜೊತೆಗೆ ಅಂಕಿ ಹಾಕಿ ಬರೆಸಿ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಬ್ಬರು ರೊಬಸ್ಟಾ ಚೆರಿ ತಂದರು. ಗೋಣಿಯ ತೂಕ ಕಳೆದು 300 ಕೆಜಿ, ಅಂದರೆ ಲೆಕ್ಕದ ಆರು ಚೀಲ. ಔಟ್‌ಟರ್ನ್ ಒಂದಕ್ಕೆ 350 ರೂಪಾಯಿ ದರ ಎಂದು ಸುಮ್ನೆ ಹಿಡಿಯೋಣ. ಸ್ಯಾಂಪಲ್ ಒಡೆಸಿ ನೋಡಿದಾಗ 50 ಕೆಜಿಗೆ 26.6 ಕೆಜಿ ಬೇಳೆ ಬಂತು. ಈಗ ಲೆಕ್ಕ ಹೇಗೆ? 26.6 ಎಂದೇ ಹಿಡಿದರೆ ಚೀಲಕ್ಕೆ 9,310, ಒಟ್ಟು 55,860. ಪಾಯಿಂಟು ಬಿಟ್ಟು 26 ಎಂದರೆ 54,600. ಮೇಲಕ್ಕೆ ಏರಿಸಿ 27 ಎಂದರೆ 56,700. ಆರು ಚೀಲದಲ್ಲೇ 2,100 ರೂಪಾಯಿ ಆಚೀಚೆ. ನಿಮ್ಮಲ್ಲಿ ಯಾವ ಪದ್ಧತಿ ಎಂದು ಕೇಳಿದಾಗ ನೀವು ಒಂದು ಹೇಳಿದಿರಿ, ನಿಮ್ಮ ಗೋಡೌನಿನವರು ಇನ್ನೊಂದು ಹೇಳಿದರು. ಬೇಸರ ಮಾಡಿಕೊಳ್ಳಬೇಡಿ, ಹತ್ತು ಜನರ ಕೈಯಲ್ಲಿ ಲೆಕ್ಕ ನಡೆಯುವ ಎಲ್ಲ ಕಡೆಯೂ ಹೀಗೇ. ಇದನ್ನು ಈಗ ಕೇಳದಿದ್ದರೆ ಆಗುವುದಿಷ್ಟು: ಕೋಡ್ ಬರೆಯುವ ಹುಡುಗ ಯಾವುದೋ ರಾತ್ರಿ ಹನ್ನೊಂದಕ್ಕೆ ತನಗೆ ತೋಚಿದ್ದನ್ನು ಹಾಕುತ್ತಾನೆ. ಅದು ನಿಮ್ಮ ಕಂಪನಿಯ ನಿಯಮ ಆಗಿಬಿಡುತ್ತದೆ. ಮಾರ್ಚಿನಲ್ಲಿ ಒಬ್ಬ ಸದಸ್ಯರು ಕ್ಯಾಲ್ಕುಲೇಟರ್ ಹಿಡಿದುಕೊಂಡು ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಇಪ್ಪತ್ತು ಇಪ್ಪತ್ತೈದು ಲೆಕ್ಕಗಳನ್ನು, ಉತ್ತರದ ಸಮೇತ, ಬರೆಸಿ ಇಡಿ. ಮುಂದೆ ಸಾಫ್ಟ್‌ವೇರ್ ಬಂದಾಗ ಪರೀಕ್ಷೆಗೂ ಅವೇ ಆಗುತ್ತವೆ. ಅವುಗಳಲ್ಲಿ ಒಂದಾದರೂ ತಾಳೆ ಆಗದಿದ್ದರೆ ಬಿಲ್ಲು ಪಾಸು ಮಾಡಬೇಡಿ.

ನಿಮಗಿರುವ ಒಂದು ತೊಡಕು ಏನೆಂದರೆ, ಇದು ಜೂನ್ ಕೊನೆ. ಸಂಸ್ಥೆಯವರು ಬಂದು ಕೂತರೂ ನೋಡಲು ತೂಕವೇ ಇಲ್ಲ, ಬರೀ ಮಳೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡುವುದಕ್ಕೆ ಸಮನಾದದ್ದು ಇಲ್ಲ. ಅದು ಆಗದಿದ್ದಾಗ ನಾನು ಒಂದು ಆಟ ಆಡಿಸುತ್ತೇನೆ. ಹೋದ ಫೆಬ್ರವರಿಯಲ್ಲಿ ಅತಿ ಹೆಚ್ಚು ಮಾಲು ಬಂದ ಎರಡು ದಿನದ ಚೀಟಿಗಳನ್ನೆಲ್ಲ ತೆಗೆಯಿರಿ. ಗೋಡೌನಿನಲ್ಲೇ ಮೇಜು ಹಾಕಿ. ಒಬ್ಬರು ಸದಸ್ಯರಾಗಿ ಚೀಟಿ ಹಿಡಿದು ಬರಲಿ, ತೂಕದ ಹುಡುಗ ತನ್ನ ಜಾಗದಲ್ಲೇ ನಿಲ್ಲಲಿ, ನೀವು ನಿಮ್ಮ ಕುರ್ಚಿಯಲ್ಲಿ ಕೂರಿ. ಫೋನಿನ ಬದಲು, ಪರದೆ ಹೇಗಿರಬೇಕೆಂದು ಗೆರೆ ಎಳೆದ ಕಾಗದ. ಪ್ರತಿ ಚೀಟಿಯ ವಿವರವನ್ನೂ ಆ ಕಾಗದದ ಚೌಕಗಳಲ್ಲಿ ತುಂಬುತ್ತಾ ಹೋಗಿ. ತುಂಬಲು ಬಂದ ಚೀಟಿ ಒಂದು ಕಡೆ, 'ಅಯ್ಯೋ ಇದು ಹೇಗೆ ಹಾಕೋದು' ಎಂದು ನಿಂತ ಚೀಟಿ ಇನ್ನೊಂದು ಕಡೆ. ಸಂಜೆ ಹೊತ್ತಿಗೆ ಆ ಎರಡನೇ ಕಂತೆಯೇ ನಿಮ್ಮ ಸಂಸ್ಥೆಯವರಿಗೆ ಮರುದಿನದ ಕೆಲಸ. ಕಾಗದದ ಮೇಲಿನ ಚೌಕ ಬದಲಿಸಲು ರಬ್ಬರು ಸಾಕು.

ಅದೇ ದಿನ ಇನ್ನೂ ಕೆಲವು ತಾವಾಗಿಯೇ ಗೊತ್ತಾಗುತ್ತವೆ. ಜುಲೈಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ಗೋಡೌನಿನ ಒಳಗೆ ಸಿಗ್ನಲ್ ಬರುತ್ತದಾ, ಬಾಗಿಲ ಹತ್ತಿರ ಹೋಗಿ ಫೋನು ಮೇಲೆತ್ತಿ ಹಿಡಿಯಬೇಕಾ ಎಂದು ಅವರೇ ಕಣ್ಣಾರೆ ನೋಡಲಿ. 'ನೆಟ್‌ವರ್ಕ್ ಇಲ್ಲದಿದ್ದರೂ ತೂಕ ದಾಖಲಾಗಬೇಕು, ಆಮೇಲೆ ಸಿಕ್ಕಾಗ ತಾನೇ ಸೇರಿಕೊಳ್ಳಬೇಕು' ಎಂಬ ಒಂದು ಸಾಲು ಖರ್ಚನ್ನು ಬಹಳ ಏರಿಸುತ್ತದೆ. ಆದರೆ ನಿಮಗೆ ಅದಿಲ್ಲದೆ ಆಗುವುದಿಲ್ಲ. ಚೀಟಿ ಅಚ್ಚು ಹಾಕುವ ಚಿಕ್ಕ ಯಂತ್ರದ ಬಗ್ಗೆಯೂ ಹುಷಾರು. ಬಸ್ ಟಿಕೆಟ್ಟಿನಂಥ ಆ ಕಾಗದದಲ್ಲಿ ಅಕ್ಷರ ಬಿಸಿಲಿಗೆ, ಶಾಖಕ್ಕೆ ಮಾಸಿಹೋಗುತ್ತದೆ. ನಿಮ್ಮ ಸದಸ್ಯರು ಲೆಕ್ಕ ಚುಕ್ತಾ ಆಗುವವರೆಗೆ ತಿಂಗಳುಗಟ್ಟಲೆ ಚೀಟಿ ಇಟ್ಟುಕೊಳ್ಳುವವರು. ಬಿಳಿ ಕಾಗದ ಹಿಡಿದುಕೊಂಡು ಬಂದು ಬಾಕಿ ಕೇಳಿದರೆ ಏನು ಹೇಳುತ್ತೀರಿ?

ಹಳೇ ಮಾಹಿತಿಯ ವಿಷಯ ಕೊಟೇಶನ್ನಿನಲ್ಲಿ ಒಂದೇ ಸಾಲಿದೆ: 'ಗ್ರಾಹಕರು ಒದಗಿಸತಕ್ಕದ್ದು.' ಆ ಸಾಲಿನ ಹಿಂದೆ ನಿಮ್ಮ ಒಂದು ತಿಂಗಳ ದುಡಿಮೆ ಅಡಗಿದೆ. ನಿಮ್ಮ ಎಕ್ಸೆಲ್ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿದೆ, ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಇಲ್ಲ. ನುಡಿ ಇಲ್ಲದ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಅದನ್ನು ಬದಲಾಯಿಸುವ ಸಾಧನಗಳಿವೆ, ಆದರೆ ಬದಲಾದ ಮೇಲೆ ಹೆಸರು ಹೆಸರಾಗಿ ಕಣ್ಣಿಟ್ಟು ನೋಡಬೇಕು. ಒಬ್ಬರೇ ಪೂವಯ್ಯ ಮೂರು ಕಾಗುಣಿತದಲ್ಲಿ ಮೂವರಾಗಿರುತ್ತಾರೆ, ಮೂವರು ಪೂವಯ್ಯಂದಿರು ಒಬ್ಬರಾಗಿರುತ್ತಾರೆ. ಇದಕ್ಕೆ ನಿಮ್ಮ ಅಣ್ಣನ ಮಗನನ್ನು ಹಚ್ಚಿ. ನಿಜವಾಗಿಯೂ ಒಳ್ಳೇ ಕೆಲಸ ಅದು, ಊರಿನ ಮನೆತನಗಳು ಗೊತ್ತಿರುವ ಇಂಜಿನಿಯರ್ ಹೊರಗೆ ಸಿಗುವುದಿಲ್ಲ. ಹಾಗೇ, ಇರುವ ಮಾಹಿತಿಯನ್ನೆಲ್ಲ ಹೊಸದಕ್ಕೆ ಸುರಿಯಬೇಡಿ. ಆಧಾರ್ ನಕಲು, ಫೋಟೋ, ಜಾತಿ ಪ್ರಮಾಣಪತ್ರ ಎಂದು ಯಾವ ಕಾಲದಲ್ಲೋ ಕೂಡಿಟ್ಟದ್ದು ತೂಕದ ಸಾಫ್ಟ್‌ವೇರಿಗೆ ಯಾಕೆ? ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಕೇಂದ್ರದ ಕಾನೂನು ಬಂದಿದೆ. ಕೆಲಸಕ್ಕೆ ಬೇಕಾದಷ್ಟೇ ಇಟ್ಟುಕೊಳ್ಳಿ.

ಅಜೈಲ್ ಮಾತಿಗೆ ಬರೋಣ. ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ ಬರೆದ ಅಜೈಲ್ ಘೋಷಣೆಯಲ್ಲಿ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಎಂದಿದೆ. ಯೋಜನೆಗೆ ಬೆಲೆ ಇಲ್ಲ ಎಂದು ಅದರಲ್ಲಿ ಎಲ್ಲೂ ಇಲ್ಲ, ಬೆಲೆ ಇದೆ ಎಂದೇ ಅವರು ಬರೆದಿದ್ದಾರೆ. ಇನ್ನೊಂದು ತಮಾಷೆ. 'ಎಲ್ಲ ಮೊದಲೇ ಬರೆದು, ಆಮೇಲೆ ಒಂದೇ ಸಲ ಕಟ್ಟುವ' ಹಳೇ ಕ್ರಮಕ್ಕೆ ಮೂಲ ಎಂದು ವಿನ್‌ಸ್ಟನ್ ರಾಯ್ಸ್ ಅವರ 1970ರ ಲೇಖನವನ್ನು ತೋರಿಸುತ್ತಾರೆ. ಆ ಲೇಖನದಲ್ಲೇ ಅವರು ಹಾಗೆ ಒಂದೇ ಓಟದಲ್ಲಿ ಮಾಡುವುದು ಅಪಾಯ ಎಂದು ಎಚ್ಚರಿಸಿದ್ದಾರೆ. ಎರಡು ಕಡೆಯವರೂ ಪೂರ್ತಿ ಓದದೆ ಜಗಳ ಆಡುತ್ತಿದ್ದಾರೆ ಅನಿಸುತ್ತದೆ ನನಗೆ. ನಿಮಗೆ ಬೇಕಾದದ್ದು ಮೂರು ವಾರದ ಹುಡುಕಾಟ, ಮೂರು ತಿಂಗಳದ್ದಲ್ಲ. ಹದಿನೈದು ಪುಟಕ್ಕಿಂತ ದೊಡ್ಡ ವರದಿ ಕೊಟ್ಟರೆ ನಿಮ್ಮ ನಿರ್ದೇಶಕರಲ್ಲಿ ಯಾರೂ ಓದುವುದಿಲ್ಲ. ಅದು ಕನ್ನಡದಲ್ಲೇ ಇರಬೇಕೆಂದೂ ಒಪ್ಪಂದದಲ್ಲಿ ಬರೆಸಿ.

34 ಅಂಶಗಳಲ್ಲಿ ಈ ವರ್ಷ ಎಷ್ಟು? ನನ್ನ ಪ್ರಕಾರ ಆರು ಏಳು. ಯಾವುವು ಎಂದು ನಾನು ಹೇಳುವುದಕ್ಕಿಂತ, ಒಂದು ಉಪಾಯ ಹೇಳುತ್ತೇನೆ. ಒಂದೊಂದು ಅಂಶವನ್ನು ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ಪ್ರತಿ ನಿರ್ದೇಶಕರಿಗೂ, ಜೊತೆಗೆ ನಿಮಗೂ ತೂಕದ ಹುಡುಗನಿಗೂ, ಹತ್ತು ಹತ್ತು ಕಾಫಿ ಬೀಜ ಕೊಡಿ. ಬೇಕಾದ ಚೀಟಿ ಮೇಲೆ ಇಡಲಿ. ಒಂದರ ಮೇಲೇ ಹತ್ತೂ ಇಡಬಹುದು. ಬಾಯಲ್ಲಿ ಎಲ್ಲವೂ ಮುಖ್ಯ ಎನ್ನುವವರು ಕೈಯಲ್ಲಿ ಹತ್ತೇ ಬೀಜ ಇದ್ದಾಗ ಬೇರೆ ಥರ ಯೋಚಿಸುತ್ತಾರೆ. ಡ್ರೋನ್ ನಕ್ಷೆಯ ಮೇಲೆ ಎಷ್ಟು ಬೀಜ ಬಿತ್ತೆಂದು ನನಗೆ ತಿಳಿಸಿ, ಕುತೂಹಲ ಇದೆ. ಬೀಜ ಬೀಳದ ಚೀಟಿಗಳನ್ನು ಬಿಸಾಡಬೇಡಿ, 'ಈ ವರ್ಷ ಮಾಡುವುದಿಲ್ಲ' ಎಂಬ ತಲೆಬರಹದ ಕೆಳಗೆ ವರದಿಗೆ ಸೇರಿಸಿ. ಆ ಪುಟಕ್ಕೆ ಎಲ್ಲರ ಸಹಿ ಹಾಕಿಸಿ. ಮಧ್ಯದಲ್ಲಿ ಯಾರಾದರೂ 'ಅದೊಂದು ಸೇರಿಸಿಬಿಡಿ' ಎಂದಾಗ ತೋರಿಸಲು ಬೇಕಾಗುತ್ತದೆ. ಆಮೇಲೂ ತಕರಾರು ಬಂದರೆ ಕೊನೇ ಮಾತು ಯಾರದು ಎಂದು ಈಗಲೇ ಒಬ್ಬರ ಹೆಸರು ಬರೆದಿಡಿ. ಒಬ್ಬರದ್ದೇ. ಇಬ್ಬರದ್ದಾದರೆ ಅದು ಯಾರದ್ದೂ ಅಲ್ಲ.

ಕ್ಯಾಲೆಂಡರ್ ಹೀಗಿರಲಿ. ಜುಲೈ ಹುಡುಕಾಟಕ್ಕೆ. ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರ, ತೂಕ ದಾಖಲಿಸುವ ಪರದೆಯೊಂದನ್ನಾದರೂ ನಿಮ್ಮ ಫೋನಿನಲ್ಲಿ ನೋಡಬೇಕು. ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಹಳೇ ಚೀಟಿಗಳನ್ನಿಟ್ಟು ಮತ್ತೊಮ್ಮೆ ಆ ಆಟ, ಈ ಸಲ ನಿಜವಾದ ಆ್ಯಪ್‌ನಲ್ಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು, ಅಂದರೆ ನವೆಂಬರ್ ಕೊನೆ ಡಿಸೆಂಬರ್ ಹೊತ್ತಿಗೆ, ಅರೇಬಿಕಾ ಬರಲು ಶುರುವಾಗುತ್ತದೆ, ನಿಮ್ಮಲ್ಲಿ ಅದು ಕಮ್ಮಿ. ಅದನ್ನು ಪುಸ್ತಕದಲ್ಲೂ ಬರೆಯಿರಿ, ಆ್ಯಪ್‌ನಲ್ಲೂ ಹಾಕಿ, ದಿನಾ ಸಂಜೆ ಎರಡನ್ನೂ ಹೋಲಿಸಿ. ಡಿಸೆಂಬರ್ 15ಕ್ಕೆ ತೀರ್ಮಾನ: ಎರಡು ವಾರ ಸತತ ತಾಳೆ ಆಗಿದ್ದರೆ ಜನವರಿಯ ರೊಬಸ್ಟಾ ಆ್ಯಪ್‌ನಲ್ಲಿ. ಇಲ್ಲದಿದ್ದರೆ ಈ ಸೀಸನ್ ಪುಸ್ತಕದಲ್ಲೇ, ಯಾರ ಮೇಲೂ ಕೂಗಾಡದೆ. ಈ ತಾರೀಕನ್ನು ಈಗಲೇ, ಎಲ್ಲರೂ ಶಾಂತವಾಗಿರುವಾಗ, ಬರೆದಿಟ್ಟುಕೊಳ್ಳಬೇಕು. ಜನವರಿಯಲ್ಲಿ ಕಣದ ತುಂಬ ಮಾಲು ಬಿದ್ದಿರುವಾಗ ಹೊಸದನ್ನು ಕಲಿಯಲು ಹೋದವನು ನಾನು, ಅದರ ಕಥೆ ಆಗಲೇ ಹೇಳಿದೆ.

ದುಡ್ಡಿನ ಬಗ್ಗೆ ಎರಡು ಮಾತು. ನಾಲ್ಕೂವರೆ ಲಕ್ಷಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 5,31,000 ಆಗುತ್ತದೆ. 60,000 ಹೋಗಿ 70,800. ಬೋರ್ಡಿಗೆ ಹೇಳುವಾಗ ಈ ಅಂಕಿಗಳನ್ನೇ ಹೇಳಿ. ಎರಡನೇ ವರ್ಷದಿಂದ ಸರ್ವರ್ ಮತ್ತು ರಿಪೇರಿಗೆ ವರ್ಷಕ್ಕೆ ಎಷ್ಟು ಎಂದು ಲಿಖಿತವಾಗಿ ಪಡೆಯಿರಿ. ಸರ್ವರ್ ಖಾತೆ, ವೆಬ್‌ಸೈಟ್ ಹೆಸರು, ಕೋಡ್ ಮೂರೂ ಕಂಪನಿಯ ಹೆಸರಿನಲ್ಲಿರಬೇಕು. ಸಂಸ್ಥೆಯ ಹುಡುಗನ ಸ್ವಂತ ಇಮೇಲಿನಲ್ಲಿ ಇದ್ದರೆ, ಅವನು ಕೆಲಸ ಬಿಟ್ಟ ದಿನ ನಿಮ್ಮ ಲೆಕ್ಕವೂ ಅವನ ಹಿಂದೆ ಹೋಗುತ್ತದೆ.

ಮತ್ತೆ, ಮೂರು ವಾರ ಹುಡುಕಿದ ಮೇಲೆ 'ನಿಮಗೆ ಹೊಸ ಸಾಫ್ಟ್‌ವೇರೇ ಬೇಡ, ಟ್ಯಾಲಿ ಮತ್ತು ಸರಿಯಾಗಿ ಮಾಡಿದ ಒಂದು ಗೂಗಲ್ ಶೀಟ್ ಸಾಕು' ಎಂಬ ಉತ್ತರವೂ ಬರಬಹುದು. 180 ಸದಸ್ಯರ ಕಂಪನಿಗೆ ಅದು ಅಸಾಧ್ಯವೇನಲ್ಲ. ಆ ಮಾತು ಹೇಳುವ ಸ್ವಾತಂತ್ರ್ಯ ಅವರಿಗಿದೆಯಾ ಎಂದು ಮೊದಲ ದಿನವೇ ಕೇಳಿಬಿಡಿ. ಹಾಗೆ ಹೇಳಿದರೂ 60,000 ಪೂರ್ತಿ ಕೊಡುತ್ತೇವೆ ಎಂದು ನೀವೂ ಹೇಳಿ. ನಿಮ್ಮ ನಿರ್ದೇಶಕರಿಗೆ ಇದನ್ನು ಒಪ್ಪಿಸುವುದೇ ಕಷ್ಟ ಆಗಬಹುದು. ಬೇಕಾದರೆ ಆ ಮೀಟಿಂಗಿನ ದಿನ ನನಗೆ ಫೋನ್ ಮಾಡಿ, ಸ್ಪೀಕರಿನಲ್ಲಿಡಿ, ನಾನು ಮಾತಾಡುತ್ತೇನೆ.